ನಲವತ್ತೊಂದನೇ ಪುಟದ ದೊಡ್ಡಕ್ಕ

ಮೂವತ್ತು ವರ್ಷ ಹೈಸ್ಕೂಲು ಮಕ್ಕಳ ಉತ್ತರಪತ್ರಿಕೆ ತಿದ್ದಿದವನು ನಾನು. ಕೆಂಪು ಶಾಯಿ ಹಿಡಿದ ಕೈಗೆ ಒಂದು ಸೊಕ್ಕು ಬರುತ್ತದೆ, ನಿವೃತ್ತಿಯಾದರೂ ಅದು ಇಳಿಯುವುದಿಲ್ಲ. ನನ್ನದು ಇಳಿದದ್ದು ನಾನೇ ಬರೆದ ಪುಸ್ತಕದ ನಲವತ್ತೊಂದನೇ ಪುಟದಿಂದ.

ಪುಸ್ತಕ ಎಂದರೆ ಕತೆ ಕಾದಂಬರಿಯಲ್ಲ, ನಮ್ಮ ಮನೆತನದ ವಂಶಾವಳಿ. ನಾವು ಹೊಸದುರ್ಗ ತಾಲ್ಲೂಕಿನ ಬಿಳಿಗಲ್ಲಹಟ್ಟಿಯವರು, ಕುರಿ ಕಾಯ್ದುಕೊಂಡು ಬಂದ ಜನ. ಓದಿ, ಮೇಷ್ಟ್ರಾಗಿ, ಹೊಳಲ್ಕೆರೆಯಲ್ಲಿ ಮನೆ ಕಟ್ಟಿಕೊಂಡವನು ನಾನು. ೨೦೧೮ರಲ್ಲಿ ನಿವೃತ್ತನಾದೆ. ಸುಮ್ಮನಿರಲಾರದವನು ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ಹಾಗೆ ಒಂಬತ್ತು ತಲೆಮಾರಿನ ಹೆಸರು ಹುಡುಕಿಕೊಂಡು ಹೊರಟೆ. ಹಟ್ಟಿಯ ಕಟ್ಟೆಯ ಮೇಲೆ ಆರು ಜನ ಹಿರಿಯರನ್ನು ಕೂರಿಸಿಕೊಂಡು ಆರು ತಿಂಗಳು ಬರೆದುಕೊಂಡೆ. ಸತ್ತವರಿಗೆ ನೆಟ್ಟ ಕಲ್ಲುಗಳ ಸಾಲು ಹಟ್ಟಿಯ ಹೊರಗಿದೆ. ಅದರಲ್ಲಿ ಯಾವುದು ಯಾರದು ಎಂದು ಒಂದೊಂದನ್ನೂ ಮುಟ್ಟಿ ಕೇಳಿ ಗುರುತು ಹಾಕಿಕೊಂಡೆ. ೨೦೧೯ರಲ್ಲಿ ಚಿತ್ರದುರ್ಗದ ಒಂದು ಪ್ರೆಸ್ಸಿನಲ್ಲಿ ಮುನ್ನೂರು ಪ್ರತಿ ಅಚ್ಚಾಯಿತು.

ಮುಖಪುಟಕ್ಕೆ ದೇವರ ಚಿತ್ರ ಹಾಕಿಸೋಣ ಎಂದು ಎಲ್ಲರೂ ಹೇಳಿದರು. ನಾನು ಕೇಳಲಿಲ್ಲ. ಕುರಿಯ ಎರಡು ಕಿವಿಗಳನ್ನು ಬರೆಸಿದೆ. ನಮ್ಮ ಕಡೆ ಒಂದೊಂದು ಮನೆತನಕ್ಕೂ ಒಂದೊಂದು ಕಿವಿಗುರುತು. ಮರಿಗೆ ಎರಡು ಮೂರು ತಿಂಗಳಾದಾಗ ಕಿವಿಗೆ ಕಚ್ಚು ಹಾಕುತ್ತಾರೆ. ನಮ್ಮದು ಎಡಗಿವಿಯ ತುದಿ ನೇರಕ್ಕೆ ಕೊಯ್ದದ್ದು, ಬಲಗಿವಿಯ ಕೆಳಂಚಿಗೆ ಎರಡು ಕಚ್ಚು. ಸಾವಿರ ಕುರಿ ಒಂದೇ ಬಯಲಲ್ಲಿ ಬೆರೆತರೂ ಕಿವಿ ನೋಡಿ ಯಾರ ಮನೆಯದೆಂದು ಹೇಳಬಹುದು. ಆ ಪುಸ್ತಕದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ ಎಂದು ಈಗ ಅನಿಸುತ್ತದೆ.

ಆ ಗುರುತಿನ ಕಟ್ಟಳೆಯನ್ನು ಮುನ್ನುಡಿಯಲ್ಲಿ ನಾಲ್ಕು ಪುಟ ಬರೆದಿದ್ದೆ. ನಮ್ಮ ಹಟ್ಟಿಯಲ್ಲಿ ಹೆಣ್ಣುಕೂಸು ಹುಟ್ಟಿದರೆ ಒಂದು ಹೆಣ್ಣುಮರಿಯನ್ನು ಅದರ ಹೆಸರಿಗೆ ಬಿಡುತ್ತಿದ್ದರು. ಮದುವೆಯಾಗಿ ಹೋಗುವಾಗ ಆ ಕುರಿಯೂ ಜೊತೆಗೆ. ಗಂಡನ ಮನೆಯಲ್ಲಿ ಆ ಕುರಿಯ ಸಂತಾನಕ್ಕೆಲ್ಲ ತವರಿನ ಗುರುತೇ ಹಾಕಬೇಕು. ಆ ಹೆಣ್ಣುಮಗಳು ಇರುವ ತನಕ ಅವಳ ಕೈಯಲ್ಲೇ ಕಚ್ಚು. ಅವಳು ತೀರಿಕೊಂಡರೆ ತವರಿನಿಂದ ಯಾರಾದರೂ ಬಂದು ಮುಂದಿನ ಮರಿಗಳಿಗೆ ಗುರುತು ಹಾಕಬೇಕು, ಅಲ್ಲಿಯವರೆಗೆ ಮರಿಗಳ ಕಿವಿ ಬರಿದಾಗಿಯೇ ಇರುತ್ತದೆ. ಯಾರೂ ಬಾರದಿದ್ದರೆ ಆ ಗುರುತು ಅಲ್ಲಿಗೆ ನಿಂತುಹೋಯಿತು. ಇದನ್ನೆಲ್ಲ ಬರೆದವನು ನಾನೇ. ಬರೆದವನಿಗೆ ತಲೆಗೆ ಹೋಗಿತ್ತೇ ಎನ್ನುವುದು ಬೇರೆ ಮಾತು.

ಕೊನೆಯ ಪುಟದಲ್ಲಿ, ‘ತಪ್ಪುಗಳಿದ್ದರೆ ದಯವಿಟ್ಟು ತಿಳಿಸಿ’ ಎಂದು ನನ್ನ ಫೋನ್ ನಂಬರು ಹಾಕಿಸಿದ್ದೆ. ಅದು ಮರ್ಯಾದೆಗೆ. ನಿಜವಾಗಿ ತಿಳಿಸಿದವರ ಗತಿ ದೇವರಿಗೇ ಪ್ರೀತಿ. ಅವರ ತಾತನ ಹೆಸರು ಅವರಿಗಿಂತ ನನಗೇ ಚೆನ್ನಾಗಿ ಗೊತ್ತು ಎನ್ನುವ ಹಾಗೆ ವಾದಿಸುತ್ತಿದ್ದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಲಾಕ್‌ಡೌನ್ ಕಾಲದಲ್ಲಿ ಯಾವುದೋ ಹುಡುಗಿ ಫೋನು ಮಾಡಿ ಒಂದು ಸಾಲಿನ ಮೇಲೆ ಅನುಮಾನ ಎತ್ತಿದಳು. ಹೆಸರು ಕೇಳುವ ತಾಳ್ಮೆಯೂ ನನಗಿರಲಿಲ್ಲ. ಹಿರಿಯರು ಹೇಳಿದ್ದು, ಅನುಮಾನ ಬೇಡ, ನೀನು ಓದಿನ ಕಡೆ ಗಮನ ಕೊಡು ಎಂದು ಬುದ್ಧಿ ಹೇಳಿದೆ. ನನ್ನ ಹೆಂಡತಿ ನೇತ್ರಾವತಿ ಪಕ್ಕದಲ್ಲೇ ಇದ್ದವಳು, “ತಿಳಿಸ್ರಿ ಅಂತ ಬರೀತೀರ, ತಿಳಿಸಿದ್ರೆ ಬೈತೀರ” ಅಂದಳು.

ನಮ್ಮ ಮನೆಯಲ್ಲಿ ನಮ್ಮಿಬ್ಬರ ಜೊತೆ ನನ್ನ ಸೋದರತ್ತೆ ಕಾಟಮ್ಮ ಇದ್ದಾಳೆ. ನಮ್ಮಪ್ಪ ಎತ್ತಪ್ಪನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಈಗ ಎಂಬತ್ತು ವರ್ಷ. ಓದು ಬಾರದು. ವಂಶಾವಳಿ ಬರೆಯುವಾಗ ನನಗೆ ದಿನಾ ಎರಡು ಹೊತ್ತು ಕಾಫಿ ತಂದುಕೊಡುತ್ತಿದ್ದವಳು ಅವಳೇ. ಅವಳನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಜಾತಿ ನನ್ನದು.

ಹೋದ ವರ್ಷ ಆಷಾಢದಲ್ಲಿ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದೆವು. ಟೀವಿ ನೋಡಬೇಡ ಅಂದಿದ್ದರು. ಹೊತ್ತು ಹೋಗದೆ ಒದ್ದಾಡುತ್ತಿದ್ದವಳಿಗೆ ನೇತ್ರಾವತಿ ನನ್ನ ಪುಸ್ತಕವನ್ನೇ ಓದಿ ಹೇಳತೊಡಗಿದಳು. ಬಿಡುಗಡೆಯಾಗಿ ಐದು ವರ್ಷವಾದ ಮೇಲೆ ನನ್ನ ಪುಸ್ತಕಕ್ಕೆ ಮನೆಯಲ್ಲಿ ಕೇಳುವವಳೊಬ್ಬಳು ಸಿಕ್ಕಳಲ್ಲ ಎಂದು ನಾನು ಪಕ್ಕದ ಕೋಣೆಯಲ್ಲಿ ಹಿಗ್ಗುತ್ತ ಕೂತಿದ್ದೆ. ಮೂರನೇ ದಿನಕ್ಕೆ ನಲವತ್ತೊಂದನೇ ಪುಟ ಬಂತು.

“ಜುಂಜಪ್ಪನ ಮಕ್ಕಳು. ಒಂದು, ಎತ್ತಪ್ಪ. ಎರಡು, ದೊಡ್ಡಕ್ಕ, ಹದಿನೆಂಟನೇ ವಯಸ್ಸಿನಲ್ಲಿ ಮೃತಳಾದಳು, ಸಂತಾನವಿಲ್ಲ. ಮೂರು, ಕಾಟಮ್ಮ.”

“ಇನ್ನೊಂದು ಸಲ ಓದು” ಅಂದಳು ಅತ್ತೆ.

ನೇತ್ರಾವತಿ ಓದಿದಳು. ಅತ್ತೆ ಮತ್ತೊಂದು ಸಲ ಓದಿಸಿದಳು. ಆಮೇಲೆ ನನ್ನನ್ನು ಕರೆದಳು. ಹಸಿರು ಬಟ್ಟೆ ಕಟ್ಟಿದ ಕಣ್ಣು ನನ್ನ ಕಡೆ ತಿರುಗಿಸಿ ಕೇಳಿದಳು.

“ದಯಾ, ನಮ್ಮಕ್ಕ ಸತ್ಲು ಅಂತ ನಿಂಗೆ ಹೇಳಿದೋರ್ಯಾರು?”

“ಹಿರಿಯರೇ ಹೇಳಿದ್ರು. ತಿಥಿ ಮಾಡಿದ್ದು ನೋಡಿದೀವಿ ಅಂದ್ರು. ಕಲ್ಲೂ ಐತಲ್ಲ, ನಾನೇ ನೋಡಿದೀನಿ.”

“ತಿಥಿ ಮಾಡಿದ್ದೂ ನಿಜ. ಕಲ್ಲು ನೆಟ್ಟಿದ್ದೂ ನಿಜ. ಅವಳು ಸತ್ತಿದ್ದಷ್ಟೇ ಸುಳ್ಳು” ಅಂದಳು.

ಎಪ್ಪತ್ತು ವರ್ಷ ಬಾಯಿ ಬಿಡದ ಮಾತನ್ನು ಅತ್ತೆ ಅವತ್ತು ಬಿಟ್ಟಳು. ಹಟ್ಟಿಗೆ ಬಾವಿ ತೋಡಲು ಧರ್ಮಪುರದ ಕಡೆಯಿಂದ ಒಂದು ಗುಂಪು ಬಂದಿತ್ತಂತೆ. ಅವರಲ್ಲೊಬ್ಬ ಹುಡುಗ. ನಮ್ಮವನಲ್ಲ. ಮನೆಯಲ್ಲಿ ಅರ್ಧ ತೆಲುಗು ಮಾತಾಡುವವನು. ದೊಡ್ಡಕ್ಕ ಅವನ ಜೊತೆ ಹೊರಟಳು. ಬೆಳಗಿನ ಜಾವ ಕುರಿ ಕೂಡುವ ರೊಪ್ಪದಿಂದ ತನ್ನ ಹೆಸರಿನ ಕುರಿಯನ್ನು ಬಿಡಿಸಿಕೊಳ್ಳುವಾಗ ಮುಳ್ಳಿನ ಬಾಗಿಲು ಸರಿಸಿ ಹಿಡಿದುಕೊಂಡವಳು ಹತ್ತು ವರ್ಷದ ಕಾಟಮ್ಮ.

“ಅಳಬ್ಯಾಡ ಕಾಟಿ ಅಂದ್ಲು. ಇದು ಮರಿ ಹಾಕಿದಾಗ ಒಂದು ಹೆಣ್ಣುಮರಿ ನಿಂಗೇ ಅಂತ ಎತ್ಕೊಂಡು ಬರ್ತೀನಿ ಅಂದ್ಲು. ನನ್ನ ಕೈಗೆ ಮುಳ್ಳು ಚುಚ್ಚಿತ್ತು, ಅದನ್ನ ತೆಗೆದು, ಉಗುಳು ಹಚ್ಚಿ ಹೋದ್ಲು.”

ಹನ್ನೊಂದನೇ ದಿನಕ್ಕೆ ನನ್ನ ತಾತ ಜುಂಜಪ್ಪ ಮಗಳ ತಿಥಿ ಮಾಡಿದ. ಹಟ್ಟಿಗೆಲ್ಲ ಊಟ ಹಾಕಿ ಕಲ್ಲು ನೆಟ್ಟ. ಅವಳ ಹೆಸರು ಇನ್ನು ಮೇಲೆ ಯಾರ ಬಾಯಲ್ಲೂ ಬರಬಾರದು ಎಂದು ದೇವರ ಮುಂದೆ ಆಣೆ ಹಾಕಿಸಿದ. ನನ್ನ ಆರು ಜನ ಹಿರಿಯರು ಆಗ ಚಡ್ಡಿ ಹಾಕಿದ ಹುಡುಗರು, ಊಟ ಮಾಡಿದ್ದು ಅವರಿಗೆ ನೆನಪಿತ್ತು. ಅವರು ಸುಳ್ಳು ಹೇಳಲಿಲ್ಲ. ಬದುಕಿದ್ದವಳಿಗೂ ಕಲ್ಲು ನೆಡುವ ಜನ ನಾವು ಎಂಬುದನ್ನು ಮರೆತದ್ದು ನಾನು.

“ನನ್ನ ಹತ್ರ ಯಾಕೆ ಹೇಳ್ಲಿಲ್ಲ ಅತ್ತೆ?”

“ನೀನು ಕೇಳಿದ್ಯಾ? ಕೇಳಿದ್ರೆ ಆಣೆ ಮುರೀತಿದ್ದೆ. ಪ್ರತಿ ವರ್ಷ ಮರಿ ಹುಟ್ಟೋ ಕಾಲಕ್ಕೆ ದಾರಿ ನೋಡ್ತಿದ್ದೆ ಕಣೋ. ಈ ಸಲ ಬತ್ತಾಳೆ, ಈ ಸಲ ಬತ್ತಾಳೆ ಅಂತ.” ಬಟ್ಟೆಯ ಕೆಳಗಿನಿಂದ ನೀರು ಇಳಿಯಿತು. ಕಣ್ಣಿಗೆ ನೀರು ಆಗಬಾರದು ಎಂದು ನೇತ್ರಾವತಿ ಒರೆಸಿದಳು. “ಅವಳು ಅದಾಳೋ ಇಲ್ವೋ, ನೋಡಪ್ಪ. ಇದ್ರೆ ಒಂದು ಸಲ ಮುಖ ನೋಡ್ತೀನಿ. ಇಲ್ದಿದ್ರೂ ಅವಳು ಇದ್ದ ಜಾಗ ನೋಡ್ತೀನಿ” ಅಂದಳು.

ಅವತ್ತಿನಿಂದ ಆ ಸಾಲು ತಿದ್ದುವುದೇ ನನ್ನ ಕಸುಬಾಯಿತು. ಆದರೆ ಎಲ್ಲಿಂದ ಹಿಡಿಯುವುದು? ಗಂಡನ ಹೆಸರು ಗೊತ್ತಿಲ್ಲ. ಧರ್ಮಪುರದ ಕಡೆಯವನು ಎನ್ನುವುದು ಬಿಟ್ಟರೆ ಊರು ಗೊತ್ತಿಲ್ಲ. ಮತದಾರರ ಪಟ್ಟಿ ತರಿಸಿ ಎಂಬತ್ತು ದಾಟಿದ ದೊಡ್ಡಕ್ಕಂದಿರನ್ನು ಹುಡುಕಿದೆ, ಅವರಲ್ಲಿ ನಮ್ಮವಳು ಯಾರೂ ಆಗಲಿಲ್ಲ. ಧರ್ಮಪುರಕ್ಕೆ ಎರಡು ಸಲ ಬಸ್ಸು ಹತ್ತಿ ಹೋಗಿ, ಶೇಂಗಾ ಕೀಳುವವರ ನಡುವೆ ಕೂತು ಹಳೇ ಬಾವಿ ತೋಡುವವರ ಮನೆತನ ಯಾವುದು ಎಂದು ಕೇಳಿ ಬೆಪ್ಪನ ಹಾಗೆ ವಾಪಸು ಬಂದೆ. ಬರಿಗೈಲಿ ಬಂದಾಗಲೆಲ್ಲ ಅತ್ತೆ ಬಾಗಿಲಲ್ಲೇ ಕೂತಿರುತ್ತಿದ್ದಳು. ನೀರು ತಂದು ಕೊಡುತ್ತಿದ್ದಳು.

ಕೊನೆಗೆ ದಾರಿ ತೋರಿಸಿದ್ದು ಮುಖಪುಟದ ಕಿವಿ. ನನ್ನ ಹಳೇ ಶಿಷ್ಯ ಗಿರೀಶ್ ಹಿರಿಯೂರು ತಾಲ್ಲೂಕಿನಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಕೆಲಸದಲ್ಲಿದ್ದಾನೆ. ಮುಖಪುಟದ ಫೋಟೊ ಕಳಿಸಿ, ಈ ಗುರುತಿನ ಕುರಿ ನಿನ್ನ ಕಡೆ ಕಂಡರೆ ಹೇಳು ಅಂದಿದ್ದೆ. ದೀಪಾವಳಿ ಕಳೆದ ವಾರಕ್ಕೆ ಅವನು ಹೊಳಲ್ಕೆರೆಗೆ ಬಂದವನು ಮನೆಗೇ ಬಂದ.

“ಸಿಕ್ತು ಸಾರ್. ಧರ್ಮಪುರದಿಂದ ಎರಡು ಮೈಲಿ ಆಚೆ. ಮಾರುತಿ ಅಂತ, ಐವತ್ತೈದು ಅರವತ್ತರ ಮನುಷ್ಯ. ಇದ್ಯಾವ ಗುರುತು ಅಂದೆ. ನಮ್ಮವ್ವನ ತವರಿನದು, ಹೊಸದುರ್ಗದ ಕಡೆ ಅಂದ. ಜನ ಕಾಯ್ತಿದ್ರು, ಜಾಸ್ತಿ ಮಾತಾಡೋಕೆ ಆಗ್ಲಿಲ್ಲ.” ಫೋನು ತೆಗೆದು ಒಂದೊಂದೇ ಫೋಟೊ ಸರಿಸಿದ. “ನೋಡ್ರಿ, ಇವು ದೊಡ್ಡ ಕುರಿ. ಎಡಕ್ಕೆ ನೇರ, ಬಲಕ್ಕೆ ಎರಡು ಕಚ್ಚು. ಪಕ್ಕಾ ನಿಮ್ದೇ. ಈ ವರ್ಷದ ಮರಿಗಳ ಕಿವಿ ಮಾತ್ರ ಬರಿದಾಗೈತೆ, ಇನ್ನೂ ಹಾಕಿಲ್ಲ.”

ನಾನು ಕುಣಿಯುವುದೊಂದು ಬಾಕಿ. ನೇತ್ರಾವತಿಯನ್ನು ಕೂಗಿದೆ, ಗಿರೀಶನ ಬೆನ್ನು ಚಪ್ಪರಿಸಿದೆ. ಅತ್ತೆ ಫೋನನ್ನು ಕೈಗೆ ತೆಗೆದುಕೊಂಡು, ಹೊಸ ಕಣ್ಣಿಗೆ ಹತ್ತಿರ ಹಿಡಿದು ಮರಿಗಳ ಫೋಟೊವನ್ನೇ ತುಂಬ ಹೊತ್ತು ನೋಡಿದಳು. ಸಂತೋಷಕ್ಕೆ ಮಾತು ನಿಂತಿದೆ ಎಂದುಕೊಂಡೆ.

“ಮಾರುತಿ ನಂಬರ್ ತಗೊಂಡಿದೀನಿ, ಫೋನು ಮಾಡ್ಲಾ?” ಎಂದ ಗಿರೀಶ್.

“ಫೋನು ಬ್ಯಾಡ. ಹೋಗಾಣ” ಅಂದಳು ಅತ್ತೆ. ಅಷ್ಟೇ.

ಎರಡು ದಿನ ಬಿಟ್ಟು ಹೊರಟೆವು. ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಒಂದು ಬಸ್ಸು. ಅಲ್ಲಿ ಇಳಿದು ನಾನು ಪ್ರೆಸ್ಸಿಗೆ ನುಗ್ಗಿದೆ. ನನ್ನ ತಲೆಯಲ್ಲಿ ಒಂದು ನಾಟಕ ಸಿದ್ಧವಾಗಿತ್ತು. ದೊಡ್ಡತ್ತೆಯ ಮುಂದೆ ನಿಂತು, ನೋಡಮ್ಮ ನನ್ನ ತಪ್ಪನ್ನು ತಿದ್ದಿಕೊಂಡೇ ಬಂದಿದ್ದೇನೆ ಎಂದು ಅಚ್ಚಾದ ಚೀಟಿ ಅವಳ ಕೈಗಿಡಬೇಕು. ಪುಸ್ತಕದ ಸಾಲಿನ ಮೇಲೆ ಅಂಟಿಸುವ ಅಳತೆಯ ಮುನ್ನೂರು ಚೀಟಿ ಮಾಡಿಸಿದೆ. ‘ತಿದ್ದುಪಡಿ: ೨. ದೊಡ್ಡಕ್ಕ, ಹಾಲಿ ವಾಸ ಧರ್ಮಪುರ, ಹಿರಿಯೂರು ತಾಲ್ಲೂಕು. ಮಗ ಮಾರುತಿ.’ ಅರ್ಧ ಗಂಟೆಯ ಕೆಲಸ. ಅತ್ತೆ ಹೊರಗೆ ಬೆಂಚಿನ ಮೇಲೆ, ತೊಡೆಯ ಮೇಲೊಂದು ಬಟ್ಟೆಚೀಲ ಇಟ್ಟುಕೊಂಡು ಕೂತಿದ್ದಳು. ಒಂದು ಚೀಟಿ ಓದಿ ಹೇಳಿದೆ.

“ಹಾಲಿ ವಾಸ ಅಂದ್ರೆ?”

“ಈಗ ಅಲ್ಲಿ ಅವ್ಳೆ ಅಂತ.”

“ಹ್ಞೂ, ಚೆನ್ನಾಗೈತೆ” ಅಂದಳು. ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹಿರಿಯೂರಿನಲ್ಲಿ ಊಟ ಮಾಡಿ ಧರ್ಮಪುರದ ಬಸ್ಸು ಹತ್ತಿದೆವು. ಅತ್ತೆ ಕಿಟಕಿಯ ಪಕ್ಕ. ದಾರಿಯುದ್ದಕ್ಕೂ ಶೇಂಗಾ ಕಿತ್ತ ಕೆಂಪು ಹೊಲ, ಬಳ್ಳಿ ತಿನ್ನಲು ಬಿಟ್ಟ ಕುರಿಗಳು. ಅತ್ತೆ ಕೈಯಿಂದ ಕಂಬಿ ಹಿಡಿದು ಒಂದೊಂದು ಹಿಂಡನ್ನೂ ನೋಡುತ್ತಿದ್ದಳು. ಈ ದಾರಿಯಲ್ಲೇ ಅಕ್ಕ ನಡೆದು ಹೋದದ್ದು, ಕುರಿ ಹೊಡೆದುಕೊಂಡು ಎಷ್ಟು ದಿನ ಹಿಡಿದಿರಬಹುದು ಎಂದು ಕೇಳಿದಳು. ಮೂರು ನಾಲ್ಕು ದಿನ ಅಂದೆ.

“ಬರೀ ನಾಕು ದಿನದ ದಾರಿ” ಅಂದಳು.

ಮಾರುತಿಯ ಮನೆ ರಸ್ತೆಯ ಪಕ್ಕದಲ್ಲೇ. ಮುಂದೆ ಬೇವಿನ ಮರ, ಹಿಂದೆ ರೊಪ್ಪ. ನನ್ನ ವಯಸ್ಸಿಗೆ ಹತ್ತಿರದ ಒಬ್ಬ ಮನುಷ್ಯ ಹೊರಗೆ ಬಂದ. ಅವನ ಮೂಗು, ಹಣೆ, ನಿಲ್ಲುವ ಭಂಗಿ ನಮ್ಮಪ್ಪನದೇ. ನಾನು ಹೆಸರು ಊರು ಹೇಳುವ ಮುಂಚೆಯೇ ಅವನು ಅತ್ತೆಯ ಮುಖ ನೋಡಿದ. ಹೆಗಲ ಮೇಲಿನ ಟವೆಲ್ಲು ಕೆಳಗೆ ಬಿತ್ತು.

“ಪಿನ್ನಮ್ಮ” ಅಂದ. ಅವರ ಮನೆಯಲ್ಲಿ ಚಿಕ್ಕಮ್ಮನಿಗೆ ಹಾಗೆ ಅನ್ನುತ್ತಾರೆ. “ಕಾಟಮ್ಮ ಪಿನ್ನಮ್ಮ ಅಲ್ಲೇನು? ಅವ್ವನ ಮುಖಾನೇ. ಬರ್ರಿ, ಒಳಗೆ ಬರ್ರಿ, ಕುಂತ್ಕಳ್ರಿ.”

ಒಳಗೆ ಹೋದೆ. ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಇತ್ತು. ನನ್ನ ಅತ್ತೆಯದೇ ಮುಖ, ಇನ್ನಷ್ಟು ಬಿಸಿಲು ಕುಡಿದದ್ದು. ನನ್ನ ಕೈಯಲ್ಲಿ ಚೀಟಿಗಳ ಪೊಟ್ಟಣ.

“ಹೋದ ಸಂಕ್ರಾಂತಿಗೆ” ಅಂದ ಮಾರುತಿ. “ಸಂಕ್ರಾಂತಿ ಆದ ಮೂರನೇ ದಿನ.”

ನಾನು ಅತ್ತೆಯನ್ನು ಹಿಡಿದುಕೊಳ್ಳಬೇಕೆಂದು ತಿರುಗಿದೆ. ಅವಳು ಬೀಳಲಿಲ್ಲ, ಕೂಗಲೂ ಇಲ್ಲ. ಫೋಟೊದ ಮುಂದೆ ಹೋಗಿ ನಿಂತು, ಗಾಜಿನ ಮೇಲೆ ಅಂಗೈ ಇಟ್ಟಳು. “ಅಕ್ಕಾ, ಮರಿ ಎಲ್ಲೇ?” ಅಂದಳು. ಎಪ್ಪತ್ತು ವರ್ಷದ ಮೇಲೆ ಒಬ್ಬಳನ್ನೊಬ್ಬಳು ನೋಡಬೇಕಾದ ಇಬ್ಬರಲ್ಲಿ ಒಬ್ಬಳು ಗಾಜಿನೊಳಗೆ. ಹತ್ತು ತಿಂಗಳು ತಡ. ಐದು ವರ್ಷದ ಹಿಂದೆ ಕಾಫಿ ತಂದುಕೊಟ್ಟವಳನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಮಾರುತಿಯ ಮಗಳು ಮೌನಿಕಾ ನೀರು ತಂದಳು. ಹಿರಿಯೂರಿನಲ್ಲಿ ಬಿ.ಎಡ್. ಓದುವ ಹುಡುಗಿ. ನಾನು ಯಾರು, ಏನು ಬರೆದೆ, ಯಾಕೆ ಬಂದೆ ಎಂದು ಹೇಳತೊಡಗಿದಾಗ ಅವಳು ಲೋಟ ಹಿಡಿದುಕೊಂಡು ಹಾಗೇ ನಿಂತಳು.

“ಫೋನಲ್ಲಿ ಮಾತಾಡಿದೋರು ನೀವೇ ಅಲ್ವಾ ಸರ್?” ಅಂದಳು.

“ಯಾವ ಫೋನು?”

ಅವಳು ಒಳಗಿನಿಂದ ನನ್ನ ಪುಸ್ತಕ ತಂದಿಟ್ಟಳು. ಮಾರುತಿ ಹಿರಿಯೂರು ಸಂತೆಯಲ್ಲಿ ಯಾರದೋ ಕೈಯಲ್ಲಿ ಮುಖಪುಟದ ಕಿವಿ ಕಂಡು, ಇದು ನಮ್ಮ ಗುರುತು ಎಂದು ಕಾಡಿ ಬೇಡಿ ಇಸಿದುಕೊಂಡು ಬಂದದ್ದಂತೆ. ದೊಡ್ಡಕ್ಕ ಮೊಮ್ಮಗಳಿಂದ ಮೊದಲಿನಿಂದ ಕೊನೆಯ ತನಕ ಓದಿಸಿದಳು. ಅಪ್ಪ ಸತ್ತದ್ದು, ಅಣ್ಣ ಸತ್ತದ್ದು ತಿಳಿಯಿತು. ಕಾಟಿ ಬದುಕಿದ್ದಾಳೆ, ಹೊಳಲ್ಕೆರೆಯಲ್ಲಿದ್ದಾಳೆ ಎಂದೂ ಆ ಪುಸ್ತಕದಿಂದಲೇ ತಿಳಿಯಿತು.

“ಹೊಳಲ್ಕೆರೆಗೆ ಕರ್ಕೊಂಡು ಹೋಗು ಅಂತ ಅಜ್ಜಿ ಹಟ ಹಿಡಿದ್ಲು. ಲಾಕ್‌ಡೌನ್ ಇತ್ತು. ಅದಕ್ಕೆ ಕೊನೇ ಪುಟದ ನಂಬರಿಗೆ ಫೋನು ಮಾಡಿಸಿದ್ಲು. ನಾನು ಬದುಕಿದೀನಿ ಅಂತ ಮೊದ್ಲೇ ಹೇಳ್ಬ್ಯಾಡ, ಆ ಸಾಲು ಖಾತ್ರಿನಾ ಅಂತ ಮಾತ್ರ ಕೇಳು ಅಂದ್ಲು. ಸ್ಪೀಕರ್ ಹಾಕಿದ್ದೆ ಸರ್. ಪಕ್ಕದಾಗೇ ಕುಂತಿದ್ಲು.”

ನನಗೆ ಆ ಮಾತು ಒಂದಕ್ಷರ ಬಿಡದೆ ನೆನಪಾಯಿತು. ಆದರೂ ಹುಡುಗಿಯೇ ಹೇಳಿದಳು.

“ಆರು ಜನ ಹಿರಿಯರು ಕೂತು ಹೇಳಿದ್ದು, ಅನುಮಾನ ಬೇಡ ಅಂದ್ರಿ. ಅಜ್ಜಿ ಕಟ್ ಮಾಡು ಅಂದ್ಲು. ಹಟ್ಟಿ ಇನ್ನೂ ಒಪ್ಪಿಲ್ಲ ಬಿಡು, ಅಚ್ಚು ಹಾಕ್ಸಿ ಹೇಳ್ತಾ ಅವ್ರೆ, ಸತ್ತೋಳು ಯಾವ ಮುಖ ಇಟ್ಕೊಂಡು ಹೋಗ್ಲಿ ಅಂದ್ಲು. ಆಮೇಲೆ ನಾಕು ವರ್ಷ ಹೊಳಲ್ಕೆರೆ ಹೆಸರೆತ್ತಲಿಲ್ಲ.”

ತಾತ ಒಂದು ಸಲ ಅವಳ ತಿಥಿ ಮಾಡಿದ. ಎರಡನೇ ಸಲ ಮಾಡಿದವನು ನಾನು, ಶುದ್ಧ ಕನ್ನಡದಲ್ಲಿ, ಪುಟಸಂಖ್ಯೆ ಹಾಕಿ. ನಾನು ಅಲ್ಲೇ ಅತ್ತುಬಿಟ್ಟೆ. ಮೇಷ್ಟ್ರು ಅಳುವುದನ್ನು ನೋಡಿ ಮೌನಿಕಾ ಗಾಬರಿಯಾಗಿ ಮತ್ತೊಂದು ಲೋಟ ನೀರು ತಂದಳು. ಅತ್ತೆ ನನ್ನ ಕಡೆ ನೋಡಲಿಲ್ಲ. ಅವಳು ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಮರಿ ಎಲ್ಲವೆ ಮಾರುತಿ?” ಎಂದು ಕೇಳಿದಳು.

ರೊಪ್ಪಕ್ಕೆ ಹೋದೆವು. ಹಿಂಡು ಆಗಷ್ಟೇ ಬಯಲಿನಿಂದ ಬಂದಿತ್ತು. ಮಾರುತಿ ಬೇಲಿಗೆ ಕೈಯಿಟ್ಟು ಹೇಳಿದ.

“ಅವ್ವ ಪ್ರತಿ ವರ್ಷ ಮೊದಲು ಹುಟ್ಟಿದ ಹೆಣ್ಣುಮರೀನ ಮಾರಾಕೆ ಬಿಡ್ತಿರ್ಲಿಲ್ಲ. ಇದು ಕಾಟೀದು, ಅವಳಿಗೆ ಕೊಡ್ಬೇಕು ಅನ್ನೋಳು. ಕೊಡೋಕೆ ಹೋಗ್ಲಿಲ್ಲ, ಮಾರೋಕೂ ಬಿಡ್ಲಿಲ್ಲ. ಅವುಗಳ ಸಂತಾನಾನೇ ಬೆಳೀತು. ಈ ಹಿಂಡ್ನಾಗೆ ಅರ್ಧಕ್ಕರ್ಧ ನಿಮ್ಮವೇ ಪಿನ್ನಮ್ಮ.”

ಅತ್ತೆ ಬೇಲಿಯ ಬಾಗಿಲ ಮುಂದೆ ನಿಂತಳು. ಮುಳ್ಳಿನದೇ ಬಾಗಿಲು. ತಾನೇ ಸರಿಸಿ ಒಳಗೆ ಹೋದಳು. ಬರಿಗಿವಿಯ ಮರಿಗಳು ಅವಳ ಕಾಲ ಸುತ್ತ ಸೇರಿದವು.

“ಅವ್ವ ಹೋದ ಮೇಲೆ ಇವಕ್ಕೆ ಯಾರು ಗುರುತು ಹಾಕ್ಬೇಕು ಅಂತ ಹಾಗೇ ಬಿಟ್ಟೀವಿ” ಅಂದ ಮಾರುತಿ. “ನಿನ್ನ ಗುರುತೇ ಹಾಕ್ಕೊಳ್ಳೋ ಅಂದ್ರು ಊರಾಗೆ. ಈ ವರ್ಷ ಒಂದು ನೋಡಾಣ, ತವರಿನೋರು ಬಂದರೂ ಬಂದಾರು ಅಂತ.”

ಅತ್ತೆ ತನ್ನ ಬಟ್ಟೆಚೀಲ ಬಿಚ್ಚಿದಳು. ಒಳಗೆ ಒಂದು ಹೊಸ ಬ್ಲೇಡು, ಅರಿಶಿನ, ಕಾಗದದಲ್ಲಿ ಕಟ್ಟಿದ ಒಲೆಯ ಬೂದಿ. ಹೊಳಲ್ಕೆರೆಯ ನಮ್ಮ ಮನೆಯಿಂದಲೇ ತಂದದ್ದು.

ನನಗೆ ಆಗ ತಿಳಿಯಿತು. ಗಿರೀಶನ ಫೋನಿನಲ್ಲಿ ಬರಿಗಿವಿಯ ಮರಿ ನೋಡಿದ ಗಳಿಗೆಯಲ್ಲೇ ಅತ್ತೆಗೆ ಅಕ್ಕ ಇಲ್ಲವೆಂದು ಗೊತ್ತಾಗಿತ್ತು. ನಾಲ್ಕು ಪುಟ ಮುನ್ನುಡಿ ಬರೆದವನು ಪ್ರೆಸ್ಸಿಗೆ ಓಡಿದ್ದೆ.

ಮಾರುತಿ ಮರಿ ಹಿಡಿದುಕೊಂಡ, ಅತ್ತೆ ಕಚ್ಚು ಹಾಕಿದಳು. ಎಡಕ್ಕೆ ನೇರ, ಬಲಕ್ಕೆ ಎರಡು. ಪ್ರತಿ ಮರಿಗೂ ಅರಿಶಿನ ಬೂದಿ ಒತ್ತಿ, ಕಿವಿಯಲ್ಲಿ ಏನೋ ಹೇಳಿ ಬಿಡುತ್ತಿದ್ದಳು. ಹತ್ತೊಂಬತ್ತು ಮರಿ ಮುಗಿಯುವಾಗ ಸಂಜೆಯಾಗಿತ್ತು. ಕೊನೆಯದನ್ನು ಕಂಕುಳಲ್ಲಿ ಎತ್ತಿಕೊಂಡು ಬೇಲಿಯ ಪಕ್ಕ ಕೂತುಬಿಟ್ಟಳು. ಆಗ ಅತ್ತಳು, ಹತ್ತು ವರ್ಷದ ಹುಡುಗಿಯ ಹಾಗೆ, ಯಾರಿಗೂ ನಾಚದೆ.

ಮಾರನೇ ದಿನ ವಾಪಸು ಬರುವಾಗ ಬಸ್ಸಿನಲ್ಲಿ ನಾನು ಚೀಟಿಗಳ ಪೊಟ್ಟಣ ತೆಗೆದೆ.

“ಇವನ್ನ ಹರಿದು ಹಾಕ್ತೀನಿ ಅತ್ತೆ. ಬೇರೆ ಮಾಡಿಸ್ತೀನಿ. ತೀರಿಕೊಂಡ ದಿನ, ಮಗ, ಮೊಮ್ಮಗಳು ಎಲ್ಲ ಸರಿಯಾಗಿ ಬರೆದು.”

“ಯಾಕೆ?”

“ಹಾಲಿ ವಾಸ ಅಂತ ತಪ್ಪಾಗೈತಲ್ಲ.”

ಅತ್ತೆ ಸೊಂಟದಿಂದ ತನ್ನ ಚೀಟಿ ತೆಗೆದಳು. ಮಡಿಕೆ ಬಿಡಿಸಿ ಓದಲು ಬಾರದ ಅಕ್ಷರಗಳ ಮೇಲೆ ಬೆರಳಾಡಿಸಿದಳು.

“ನೀನು ಅಚ್ಚು ಹಾಕ್ಸುವಾಗ್ಲೇ ನಂಗೆ ಗೊತ್ತಿತ್ತು. ಬೇಕು ಅಂತಾನೇ ಸುಮ್ನಿದ್ದೆ” ಅಂದಳು. “ಬದುಕಿದ್ದೋಳನ್ನ ಎಪ್ಪತ್ತು ವರ್ಷ ಸತ್ತೋಳು ಅಂದ್ರಿ. ಈಗ ಅಷ್ಟೇ ವರ್ಷ ಬದುಕಿರ್ಲಿ ಬಿಡು. ಇದನ್ನೇ ಅಂಟಿಸು.”

ಅಂಟಿಸಿದೆ. ಮುನ್ನೂರರಲ್ಲಿ ಇನ್ನೂರ ನಲವತ್ತು ಪ್ರತಿ ಸಿಕ್ಕವು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಎಂದು ನೆಂಟರ ಮನೆ ಮನೆಗೆ ಅಂಟಿನ ಬಾಟಲಿ ಹಿಡಿದು ತಿರುಗಿದೆ. ಹಟ್ಟಿಯ ಹೊರಗಿನ ಕಲ್ಲನ್ನು ಏನು ಮಾಡುವುದೆಂದು ಕೇಳಿದಾಗ ಅತ್ತೆ, ಅದು ಅಲ್ಲೇ ಇರಲಿ, ಮಾಡಿದವರ ನೆನಪಿಗೆ ಬೇಕು ಅಂದಳು.

ಹೋದ ತಿಂಗಳು ಬೆಳಿಗ್ಗೆ ಫೋನು ಬಂತು. ಹೊಸದುರ್ಗದಿಂದ ನಮ್ಮ ದೂರದ ನೆಂಟ.

“ಮೇಷ್ಟ್ರೇ, ನಿಮ್ಮ ಚೀಟಿನಾಗೆ ಆ ಅಜ್ಜಿ ಹಾಲಿ ವಾಸ ಅಂತೈತೆ. ಅವರು ತೀರ್ಕೊಂಡು ವರ್ಷದ ಮ್ಯಾಲಾತಂತೆ. ತಪ್ಪಲ್ವಾ?”

“ತಪ್ಪೇ” ಅಂದೆ.

“ಮತ್ತೆ ತಿದ್ದಲ್ವಾ?”

“ಇಲ್ಲಪ್ಪ. ಹಿರಿಯರು ಹೇಳಿದ್ದು.”

ಅತ್ತೆ ಹೊಸಿಲ ಹತ್ತಿರ ಬಿಸಿಲಿಗೆ ಕೂತಿದ್ದಳು. ಯಾರೋ ಅದು ಎಂದು ಕೇಳಿದಳು. ಅಕ್ಕನ್ನ ಕೇಳ್ತಿದ್ರು ಅಂದೆ.

“ಏನಂದೆ?”

“ಧರ್ಮಪುರದಾಗೆ ಅವ್ಳೆ ಅಂದೆ.”

“ಹ್ಞೂ” ಅಂದಳು ಅತ್ತೆ. “ಈಗ ಮರಿ ಹುಟ್ಟೋ ಕಾಲ. ಮಾರುತಿಗೆ ಫೋನು ಹಚ್ಚು, ಬರ್ತೀವಿ ಅಂತ ಹೇಳು” ಅಂದಳು.